ನ್ಯಾಯವಾದಿ ಗಾಂಧೀಜಿ: ವೃತ್ತಿಯಲ್ಲಿ ವ್ರತಪಾಲನೆ

ವ್ರತವನ್ನು ನಾವು ಸ್ವೀಕರಿಸುವುದು ಜಿನಮಂದಿರದಲ್ಲಿ, ಗುರುಸನ್ನಿಧಿಯಲ್ಲಿ. ಆದರೆ ಅದರ ಪರೀಕ್ಷೆ ನಡೆಯುವುದು ಅಂಗಡಿಯ ಲೆಕ್ಕದ ಪುಸ್ತಕದ ಮುಂದೆ, ಕಚೇರಿಯ ಮೇಜಿನ ಮೇಲೆ, ನ್ಯಾಯಾಲಯದ ಕಟಕಟೆಯ ಬಳಿ. ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸ ಮಾಡಿದ ಗೃಹಸ್ಥನು ಮರುದಿನ ಪಾರಣೆ ಮುಗಿಸಿ ತನ್ನ ಉದ್ಯೋಗಕ್ಕೆ ತೆರಳಲೇಬೇಕು. ಅಲ್ಲಿ ಅವನ ಸತ್ಯಾಣುವ್ರತವು ಉಳಿಯಿತೇ ಇಲ್ಲವೇ ಎಂಬುದೇ ನಿಜವಾದ ಪ್ರಶ್ನೆ. ಸತ್ಯಾಣುವ್ರತಕ್ಕೆ ಶಾಸ್ತ್ರಕಾರರು ಹೇಳಿರುವ ಅತಿಚಾರಗಳನ್ನು ವಾಚಕರು ಬಲ್ಲರು. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬ ಈ ಐದರಲ್ಲಿ ಸುಳ್ಳು ಪತ್ರ, ಒತ್ತೆಯ ಅಪಹಾರ, ತಪ್ಪು ಸಲಹೆ ಇವು ಅನುದಿನವೂ ವ್ಯಾಜ್ಯಗಳಿಗೆ ಮೂಲವಾಗುವಂಥವು. ಆದುದರಿಂದ ವಕೀಲಿಯೂ ಸತ್ಯವ್ರತವೂ ಒಂದು ಮನೆಯಲ್ಲಿ ಬಾಳಲಾರವೆಂಬ ಅಭಿಪ್ರಾಯವು ಲೋಕದಲ್ಲಿ ಬೇರೂರಿದೆ. ಈ ಅಭಿಪ್ರಾಯವನ್ನು ಸುಮಾರು ಇಪ್ಪತ್ತು ವರ್ಷಗಳ ಕಾಲ ತನ್ನ ಅನ್ನದ ದುಡಿಮೆಯಲ್ಲಿಯೇ ಒರೆಗೆ ಹಚ್ಚಿ ನೋಡಿದ ಗೃಹಸ್ಥರೊಬ್ಬರಿದ್ದರು. ಅವರೇ ಮೋಹನದಾಸ ಕರಮಚಂದ ಗಾಂಧಿಯವರು. ಮಹಾತ್ಮರೆಂದು ಲೋಕವು ಅವರನ್ನು ಪೂಜಿಸುವುದಕ್ಕೆ ಮೊದಲು ಅವರು ವಕೀಲರಾಗಿದ್ದರು. ಆ ವಕೀಲಿಯ ಕಥೆಯು ವ್ರತಿಕರಾದ ಗೃಹಸ್ಥರಿಗೆ ವಿಶೇಷವಾಗಿ ಮನನಯೋಗ್ಯವಾದುದು.

ಗಾಂಧೀಜಿಯವರು 1869ರ ಅಕ್ಟೋಬರ್ 2ರಂದು ಕಾಠಿಯಾವಾಡದ ಪೋರಬಂದರಿನಲ್ಲಿ ಜನಿಸಿದರು. ಅವರದು ವೈಷ್ಣವ ಮನೆತನ. ತಂದೆ ಕರಮಚಂದ ಗಾಂಧಿಯವರು ಸಂಸ್ಥಾನದ ದಿವಾನರಾಗಿದ್ದರು. ತಾಯಿ ಪುತಲೀಬಾಯಿಯವರು ವ್ರತೋಪವಾಸಗಳಲ್ಲಿ ಅಚಲವಾದ ನಿಷ್ಠೆಯುಳ್ಳವರು. ಒಂದು ಚಾತುರ್ಮಾಸದಲ್ಲಿ ಸೂರ್ಯದರ್ಶನವಾಗದೆ ಊಟಮಾಡುವುದಿಲ್ಲವೆಂದು ಆಕೆ ನಿಯಮ ಹಿಡಿದಿದ್ದರು. ಮೋಡ ಕವಿದ ದಿನಗಳಲ್ಲಿ ಮಕ್ಕಳು ಆಕಾಶವನ್ನೇ ನೋಡುತ್ತ ನಿಂತು, ಸೂರ್ಯನು ಇಣುಕಿದೊಡನೆ ತಾಯಿಯನ್ನು ಕೂಗುವರು. ಆಕೆ ಹೊರಗೆ ಬರುವಷ್ಟರಲ್ಲಿ ಸೂರ್ಯನು ಮರೆಯಾಗಿರುತ್ತಿದ್ದನು. ಆಕೆ ಬೇಸರವಿಲ್ಲದೆ ಮನೆಗೆಲಸಕ್ಕೆ ಹಿಂದಿರುಗುತ್ತಿದ್ದರು. ಕೈಗೊಂಡ ನಿಯಮಕ್ಕೆ ನೆಪಗಳಿಲ್ಲವೆಂಬ ಪಾಠವನ್ನು ಬಾಲಕ ಮೋಹನದಾಸನು ಮೊದಲು ಕಲಿತದ್ದು ಅಡಿಗೆಮನೆಯ ಹೊಸ್ತಿಲಿನಲ್ಲಿ.

1885ರಲ್ಲಿ ತಂದೆಯವರು ತೀರಿಕೊಂಡ ಮೇಲೆ ಕುಟುಂಬದ ಹಿತೈಷಿಗಳಾದ ಮಾವಜಿ ದವೆಯವರು ಹುಡುಗನನ್ನು ವಿಲಾಯತಿಗೆ ಕಳುಹಿಸಿ ಬ್ಯಾರಿಸ್ಟರನನ್ನಾಗಿ ಮಾಡಬೇಕೆಂದು ಸೂಚಿಸಿದರು. ಪರದೇಶದಲ್ಲಿ ಮಗನು ಆಚಾರಭ್ರಷ್ಟನಾಗುವನೆಂದು ತಾಯಿ ಕಳವಳಗೊಂಡರು. ಆಗ ಆ ಮನೆಗೆ ಮಾರ್ಗದರ್ಶಕರಾಗಿದ್ದ ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳು ಮುಂದೆ ಬಂದು, ಮದ್ಯ, ಮಾಂಸ, ಪರಸ್ತ್ರೀಸಂಗ ಈ ಮೂರನ್ನೂ ತ್ಯಜಿಸುವ ಪ್ರತಿಜ್ಞೆಯನ್ನು ತರುಣನಿಗೆ ಮಾಡಿಸಿದರು. ನಮ್ಮ ಮನೆಗಳ ಮಕ್ಕಳು ಮೂಲಗುಣಗಳ ಪಾಠದಲ್ಲಿ ಮೊತ್ತಮೊದಲು ಕೇಳುವ ತ್ಯಾಗಗಳು ಇವುಗಳಲ್ಲಿ ಸೇರಿವೆ. ಆ ಪ್ರತಿಜ್ಞೆಯ ಬಲದಿಂದ ತಾಯಿ ಒಪ್ಪಿದರು. ಜಾತಿಬಾಂಧವರು ಮಾತ್ರ ಒಪ್ಪದೆ ಬಹಿಷ್ಕಾರ ಹಾಕಿದರು. 1888ರ ಸೆಪ್ಟೆಂಬರ್ 4ರಂದು ತರುಣ ಗಾಂಧಿ ಮುಂಬಯಿಯಿಂದ ಹಡಗನ್ನೇರಿದರು.

ಲಂಡನ್ನಿನಲ್ಲಿ ಅವರು ಇನ್ನರ್ ಟೆಂಪಲ್ ಎಂಬ ನ್ಯಾಯವಾದಿಗಳ ಸಂಸ್ಥೆಯನ್ನು ಸೇರಿದರು. ಅಂದಿನ ಪದ್ಧತಿಯಂತೆ ಬ್ಯಾರಿಸ್ಟರ್ ಆಗಲು ಪರೀಕ್ಷೆಗಳಲ್ಲಿ ಉತ್ತೀರ್ಣರಾಗುವುದರ ಜೊತೆಗೆ ಹನ್ನೆರಡು ಅವಧಿಗಳ ಕಾಲ ಸಂಸ್ಥೆಯ ಭೋಜನಕೂಟಗಳಲ್ಲಿ ಹಾಜರಿರಬೇಕಾಗಿತ್ತು. ನಾಲ್ವರ ಪಂಕ್ತಿಗೆ ಎರಡು ಸೀಸೆ ಮದ್ಯವನ್ನು ಇಡುವ ರೂಢಿಯಿತ್ತು. ಇವರು ಅದನ್ನು ಮುಟ್ಟದಿದ್ದುದರಿಂದ, ತಮ್ಮ ಪಾಲು ಹೆಚ್ಚುವುದೆಂದು ಉಳಿದ ವಿದ್ಯಾರ್ಥಿಗಳು ಇವರನ್ನು ತಮ್ಮ ಪಂಕ್ತಿಗೆ ಕರೆಯಲು ಸ್ಪರ್ಧಿಸುತ್ತಿದ್ದರು! ರೊಟ್ಟಿ, ಬೇಯಿಸಿದ ಆಲೂಗೆಡ್ಡೆ, ಕೋಸುಗಳಿಂದ ಅವರು ಆ ಭೋಜನವನ್ನು ಮುಗಿಸುತ್ತಿದ್ದರು. ಸಿದ್ಧ ಟಿಪ್ಪಣಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಗೆಲ್ಲುವುದು ಅಲ್ಲಿ ಸಾಮಾನ್ಯವಾಗಿತ್ತು. ಗಾಂಧಿಯವರು ಆ ಸುಲಭ ಮಾರ್ಗವನ್ನು ಹಿಡಿಯದೆ, ರೋಮನ್ ಕಾನೂನನ್ನು ಲ್ಯಾಟಿನ್ ಭಾಷೆಯಲ್ಲಿಯೇ ಓದಿದರು. ಇಂಗ್ಲೆಂಡಿನ ಸಾಮಾನ್ಯ ಕಾನೂನಿನ ಅಭ್ಯಾಸಕ್ಕೆ ಒಂಬತ್ತು ತಿಂಗಳು ಶ್ರಮಿಸಿದರು. 1891ರ ಜೂನ್ 10ರಂದು ಬ್ಯಾರಿಸ್ಟರ್ ಪದವಿ ದೊರೆಯಿತು. 11ರಂದು ಹೈಕೋರ್ಟಿನಲ್ಲಿ ಹೆಸರು ದಾಖಲಾಯಿತು. 12ರಂದೇ ಸ್ವದೇಶಕ್ಕೆ ಹೊರಟರು. ಮೂರು ಪ್ರತಿಜ್ಞೆಗಳೂ ಅಖಂಡವಾಗಿ ಉಳಿದಿದ್ದವು. ಅವುಗಳನ್ನು ಕೇಳಿ ಸಂತೋಷಪಡಬೇಕಾಗಿದ್ದ ತಾಯಿ ಮಾತ್ರ ಆ ವೇಳೆಗೆ ಇಹಲೋಕವನ್ನು ತ್ಯಜಿಸಿದ್ದರು.

ಮುಂಬಯಿಯಲ್ಲಿ ಇಳಿದ ದಿನವೇ ಡಾ. ಪ್ರಾಣಜೀವನ ಮೆಹತಾ ಅವರ ಮನೆಯಲ್ಲಿ ಗಾಂಧಿಯವರಿಗೆ ಶತಾವಧಾನಿ ಶ್ರೀಮದ್ ರಾಜಚಂದ್ರರ ಪರಿಚಯವಾಯಿತು. ರಾಯಚಂದಭಾಯಿ ಎಂದು ಪ್ರಸಿದ್ಧರಾದ ಈ ಜೈನ ತತ್ತ್ವಜ್ಞರು ವೃತ್ತಿಯಿಂದ ರತ್ನವ್ಯಾಪಾರಿಗಳು. ಮುತ್ತು ವಜ್ರಗಳ ಲಕ್ಷಗಟ್ಟಲೆ ವ್ಯವಹಾರವನ್ನು ನಡೆಸುತ್ತಿದ್ದರೂ, ಮಾತುಕತೆ ಮುಗಿದೊಡನೆ ಅವರ ಕೈ ಧರ್ಮಗ್ರಂಥಕ್ಕೋ ತಮ್ಮ ಆತ್ಮಚಿಂತನೆಯ ಟಿಪ್ಪಣಿಗೋ ಹೋಗುತ್ತಿತ್ತು. ವ್ಯಾಪಾರಕ್ಕೆ ಒಂದು ನೀತಿ, ಧರ್ಮಕ್ಕೆ ಇನ್ನೊಂದು ನೀತಿ ಎಂಬ ಭೇದವು ಅವರಲ್ಲಿರಲಿಲ್ಲ. ದುಡಿಮೆಯ ನಡುವೆ ಆತ್ಮಜಾಗೃತಿಯನ್ನು ಉಳಿಸಿಕೊಂಡ ಈ ಪ್ರತ್ಯಕ್ಷ ಉದಾಹರಣೆಯು ತರುಣ ಬ್ಯಾರಿಸ್ಟರರ ಮನಸ್ಸಿನಲ್ಲಿ ಆಳವಾಗಿ ನಿಂತಿತು.

ವೃತ್ತಿಯ ಆರಂಭವಾದರೋ ಶೋಚನೀಯವಾಗಿತ್ತು. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ 30 ರೂಪಾಯಿ ಶುಲ್ಕದ ಒಂದು ಸಣ್ಣ ದಾವೆ ಅವರಿಗೆ ಸಿಕ್ಕಿತು. ದಾವೆ ತರುವ ದಲ್ಲಾಳಿಗೆ ಕಮಿಷನ್ ಕೊಡಬೇಕೆಂದು ಹಲವರು ಒತ್ತಾಯಿಸಿದರೂ ಅವರು ಕೊಡಲಿಲ್ಲ. ಆದರೆ ಎದುರು ಪಕ್ಷದ ಸಾಕ್ಷಿಯನ್ನು ಪಾಟೀಸವಾಲು ಮಾಡಲು ಎದ್ದು ನಿಂತಾಗ ತಲೆ ತಿರುಗಿತು, ಬಾಯಿಂದ ಮಾತೇ ಹೊರಡಲಿಲ್ಲ. ಹಣವನ್ನು ಹಿಂದಿರುಗಿಸಿ, ಬೇರೊಬ್ಬ ವಕೀಲರನ್ನು ನೇಮಿಸಿಕೊಳ್ಳಲು ಹೇಳಿ ಅಲ್ಲಿಂದ ಹೊರಬಂದರು. ಶಾಲೆಯೊಂದರಲ್ಲಿ 75 ರೂಪಾಯಿ ಸಂಬಳಕ್ಕೆ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದರೆ, ಪದವೀಧರರಲ್ಲವೆಂದು ಅದೂ ದೊರೆಯಲಿಲ್ಲ. ಆರು ತಿಂಗಳಲ್ಲಿಯೇ ಮುಂಬಯಿಯನ್ನು ಬಿಟ್ಟು ರಾಜಕೋಟೆಗೆ ಮರಳಿ, ಅರ್ಜಿ ಮನವಿಗಳನ್ನು ಬರೆದುಕೊಡುತ್ತ ತಿಂಗಳಿಗೆ ಸುಮಾರು 300 ರೂಪಾಯಿ ಸಂಪಾದಿಸತೊಡಗಿದರು. ಇಲ್ಲಿ ಅಣ್ಣನವರ ಒತ್ತಾಯಕ್ಕೆ ಮಣಿದು, ಕೆಲಸ ತಂದುಕೊಡುವ ವಕೀಲರಿಗೆ ಕಮಿಷನ್ ಕೊಡಲು ಒಪ್ಪಿಕೊಂಡರು. ಈ ಶೈಥಿಲ್ಯವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮರೆಮಾಚಿಲ್ಲ. ಅದೇ ಕಾಲದಲ್ಲಿ ಅಣ್ಣನಿಗಾಗಿ ಪರಿಚಿತನಾದ ಆಂಗ್ಲ ಅಧಿಕಾರಿಯೊಬ್ಬನ ಬಳಿ ಶಿಫಾರಸಿಗೆ ಹೋಗಿ, ಜವಾನನ ಕೈಯಿಂದ ಹೊರದೂಡಿಸಿಕೊಂಡರು. ಪರಿಚಯವನ್ನು ಇಂಥ ಕಾರ್ಯಕ್ಕೆ ಬಳಸಿಕೊಳ್ಳಬಾರದೆಂಬ ನಿಶ್ಚಯವು ಆ ಅವಮಾನದಿಂದ ಹುಟ್ಟಿ, ಮುಂದೆ ಜೀವನದುದ್ದಕ್ಕೂ ಉಳಿಯಿತು.

1893ರಲ್ಲಿ ಪೋರಬಂದರಿನ ಮೇಮನ ವರ್ತಕರಾದ ದಾದಾ ಅಬ್ದುಲ್ಲಾ ಅವರ ಸಂಸ್ಥೆಯಿಂದ ಕರೆ ಬಂದಿತು. ದಕ್ಷಿಣ ಆಫ್ರಿಕದಲ್ಲಿ ಒಂದು ವರ್ಷದ ಕೆಲಸ. ಹೋಗಿಬರುವ ಮೊದಲ ದರ್ಜೆಯ ಪ್ರಯಾಣವೆಚ್ಚ ಮತ್ತು 105 ಪೌಂಡುಗಳ ಸಂಭಾವನೆ. ದಾದಾ ಅಬ್ದುಲ್ಲಾ ಅವರು ಪ್ರಿಟೋರಿಯದಲ್ಲಿದ್ದ ತಮ್ಮ ಬಂಧುವಾದ ತಯ್ಯಬ್ ಸೇಠರ ಮೇಲೆ 40,000 ಪೌಂಡುಗಳ ದಾವೆ ಹೂಡಿದ್ದರು. ಅದು ಪೂರ್ತಿಯಾಗಿ ಲೆಕ್ಕಪತ್ರಗಳ ವ್ಯಾಜ್ಯ. ಗಾಂಧಿಯವರಿಗೆ ಜಮಾ ಖರ್ಚಿನ ಗಂಧವೂ ಇರಲಿಲ್ಲ. ಪುಸ್ತಕವೊಂದನ್ನು ಕೊಂಡು ಲೆಕ್ಕ ಬರೆಯುವ ವಿದ್ಯೆಯನ್ನು ಕಲಿತರು. ಗುಜರಾತಿ ಪತ್ರಗಳನ್ನು ಭಾಷಾಂತರಿಸಿ, ಒಂದೊಂದು ನಮೂದನ್ನೂ ಪರಿಶೀಲಿಸಿದರು. ಕಾನೂನಿನ ಮುಕ್ಕಾಲು ಪಾಲು ಸಂಗತಿಗಳ ಸತ್ಯಾಂಶವೇ ಆಗಿದೆಯೆಂಬ ತತ್ತ್ವವು ಅವರಿಗೆ ಇಲ್ಲಿ ಮನವರಿಕೆಯಾಯಿತು.

ತಮ್ಮ ಕಕ್ಷಿಗಾರರ ಪಕ್ಷವು ಬಲವಾಗಿದೆಯೆಂದು ಅವರಿಗೆ ನಿಶ್ಚಯವಾಯಿತು. ಸಾಮಾನ್ಯ ವಕೀಲನಾಗಿದ್ದರೆ ಇಷ್ಟರಿಂದ ತೃಪ್ತನಾಗಿ ಗೆಲುವಿಗಾಗಿ ಕಾಯುತ್ತಿದ್ದನು. ಆದರೆ ಗಾಂಧಿಯವರಿಗೆ ಮತ್ತೊಂದು ದೃಶ್ಯ ಕಾಣಿಸಿತು. ಒಂದೇ ಊರಿನ ಮೂಲದ ಇಬ್ಬರು ಬಂಧುಗಳು ದಿನದಿನಕ್ಕೆ ಏರುತ್ತಿದ್ದ ವಕೀಲರ ಶುಲ್ಕದಲ್ಲಿ ಕರಗಿಹೋಗುತ್ತಿದ್ದರು. ಗೆದ್ದವನಿಗೂ ಮಾಡಿದ ಖರ್ಚೆಲ್ಲ ಹಿಂದಿರುಗಿ ಬರುವಂತಿರಲಿಲ್ಲ. ದ್ವೇಷವು ಬೇರೆ ಬೆಳೆಯುತ್ತಿತ್ತು. ಅವರು ಇಬ್ಬರ ಬಳಿಗೂ ಹೋಗಿ, ವ್ಯಾಜ್ಯವನ್ನು ಪಂಚಾಯತಿಗೆ ಒಪ್ಪಿಸುವಂತೆ ಪಟ್ಟುಬಿಡದೆ ಕೇಳಿಕೊಂಡರು. ಕೊನೆಗೆ ಪಂಚರ ತೀರ್ಪು ದಾದಾ ಅಬ್ದುಲ್ಲಾ ಅವರ ಪರವಾಗಿ ಬಂದಿತು. ತಯ್ಯಬ್ ಸೇಠರು 37,000 ಪೌಂಡುಗಳನ್ನೂ ಖರ್ಚನ್ನೂ ಕೊಡಬೇಕಾಯಿತು. ಒಂದೇ ಸಲಕ್ಕೆ ಅಷ್ಟು ಹಣ ಕೊಟ್ಟರೆ ಅವರು ದಿವಾಳಿಯಾಗುವುದು ಖಂಡಿತ. ದಿವಾಳಿಗಿಂತ ಮರಣವೇ ಮೇಲೆಂಬುದು ಆ ಮೇಮನ ವರ್ತಕರ ಕುಲಧರ್ಮವಾಗಿತ್ತು. ಆದ್ದರಿಂದ ಗಾಂಧಿಯವರ ಕೆಲಸವು ತೀರ್ಪಿನಿಂದ ಮುಗಿಯಲಿಲ್ಲ. ಗೆದ್ದ ತಮ್ಮ ಕಕ್ಷಿಗಾರರನ್ನೇ ಒಲಿಸಿ, ದೀರ್ಘಾವಧಿಯ ಕಂತುಗಳಲ್ಲಿ ಹಣವನ್ನು ಪಡೆಯಲು ಒಪ್ಪಿಸಿದರು. ಪಂಚಾಯತಿಗೆ ಒಪ್ಪಿಸಿದ್ದಕ್ಕಿಂತ ಇದು ಅವರಿಗೆ ಕಷ್ಟವಾಯಿತು. ಇಬ್ಬರ ಮರ್ಯಾದೆಯೂ ಉಳಿಯಿತು. ಬೇರೆಯಾದ ಮನಸ್ಸುಗಳನ್ನು ಕೂಡಿಸುವುದೇ ನ್ಯಾಯವಾದಿಯ ನಿಜವಾದ ಕಾರ್ಯವೆಂದು ಅಂದು ಅವರು ಕಂಡುಕೊಂಡರು. ಮುಂದಿನ ವೃತ್ತಿಜೀವನದಲ್ಲಿ ನೂರಾರು ವ್ಯಾಜ್ಯಗಳನ್ನು ನ್ಯಾಯಾಲಯದ ಹೊರಗೇ ರಾಜಿ ಮಾಡಿಸಿದರು. ಇದರಿಂದ ಅವರಿಗೆ ಹಣದ ನಷ್ಟವೂ ಆಗಲಿಲ್ಲ.

ವರ್ಷದ ಅವಧಿ ಮುಗಿದು ಊರಿಗೆ ಮರಳುವ ಹೊತ್ತಿಗೆ ನೇಟಾಲಿನ ಭಾರತೀಯರ ಮತಾಧಿಕಾರವನ್ನು ಕಸಿದುಕೊಳ್ಳುವ ಮಸೂದೆ ಬಂದಿತು. ಅಲ್ಲಿಯ ವರ್ತಕರು ಅವರನ್ನು ತಡೆದು ನಿಲ್ಲಿಸಿದರು. ಸಾರ್ವಜನಿಕ ಸೇವೆಗೆ ಸಂಬಳ ಪಡೆಯಲು ಗಾಂಧಿಯವರು ಒಪ್ಪಲಿಲ್ಲ. ಆಗ ಸುಮಾರು ಇಪ್ಪತ್ತು ಮಂದಿ ವರ್ತಕರು ತಮ್ಮ ವ್ಯವಹಾರಗಳ ವಕೀಲಿಯನ್ನು ಅವರಿಗೆ ವಹಿಸಿ ವರ್ಷದ ಶುಲ್ಕವನ್ನು ಗೊತ್ತುಮಾಡಿದರು. 1894ರಲ್ಲಿ ನೇಟಾಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಅವರು ಸನ್ನದು ಪಡೆಯಲು ಹೋದಾಗ ಅಲ್ಲಿಯ ವಕೀಲರ ಸಂಘವು ವಿರೋಧಿಸಿತು. ಮುಖ್ಯ ನ್ಯಾಯಾಧೀಶರು ಆ ವಿರೋಧವನ್ನು ತಳ್ಳಿಹಾಕಿದರು. ಬಡವರಿಂದಲೂ ಸಾರ್ವಜನಿಕ ಕಾರ್ಯಗಳಿಗೂ ಅವರು ಕೈಯಿಂದಾದ ವೆಚ್ಚವನ್ನಲ್ಲದೆ ಬೇರೇನನ್ನೂ ಪಡೆಯುತ್ತಿರಲಿಲ್ಲ. ಕೆಲವೊಮ್ಮೆ ಅದನ್ನೂ ತಾವೇ ಭರಿಸುತ್ತಿದ್ದರು.

ಬಾಲಸುಂದರಂ ಎಂಬ ತಮಿಳು ಕೂಲಿಯಾಳಿನ ಪ್ರಸಂಗವು ಅವರ ವಕೀಲಿಯ ರೀತಿಯನ್ನು ಚೆನ್ನಾಗಿ ತೋರಿಸುತ್ತದೆ. ಕರಾರಿಗೆ ಕಟ್ಟುಬಿದ್ದಿದ್ದ ಆ ಬಡವನು ಯಜಮಾನನ ಹೊಡೆತದಿಂದ ಮುಂದಿನ ಹಲ್ಲುಗಳು ಮುರಿದು, ರಕ್ತ ಸುರಿಸುತ್ತ, ರುಮಾಲನ್ನು ಕೈಯಲ್ಲಿ ಹಿಡಿದು ಅವರ ಕಚೇರಿಗೆ ಬಂದನು. ಗಾಂಧಿಯವರು ಮೊದಲು ಚಿಕಿತ್ಸೆ ಮಾಡಿಸಿ, ವೈದ್ಯರ ಪ್ರಮಾಣಪತ್ರ ಪಡೆದು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಯಜಮಾನನಿಗೆ ಶಿಕ್ಷೆಯಾಗಬೇಕೆಂಬುದು ಅವರ ಇಚ್ಛೆಯಾಗಿರಲಿಲ್ಲ. ಆಳಿಗೆ ಆ ಮನೆಯಿಂದ ಬಿಡುಗಡೆಯಾದರೆ ಸಾಕಾಗಿತ್ತು. ಕರಾರನ್ನು ಬೇರೊಬ್ಬ ಯಜಮಾನನ ಹೆಸರಿಗೆ ವರ್ಗಾಯಿಸಲು ಕಾನೂನಿನಲ್ಲಿ ಅವಕಾಶವಿತ್ತು. ಅಂಥ ಸಜ್ಜನನೊಬ್ಬನನ್ನು ಅವರೇ ಹುಡುಕಿಕೊಟ್ಟರು. ಅಹಿಂಸೆಯು ವಕೀಲಿಯಲ್ಲಿ ಹೇಗೆ ವರ್ತಿಸಬೇಕೆಂಬುದಕ್ಕೆ ಇದೊಂದು ನಿದರ್ಶನ.

1903ರಲ್ಲಿ ಅವರು ಟ್ರಾನ್ಸ್‌ವಾಲಿನಲ್ಲಿ ಅಟಾರ್ನಿಯಾಗಿ ದಾಖಲಾಗಿ ಜೊಹಾನೆಸ್‌ಬರ್ಗಿನಲ್ಲಿ ಕಚೇರಿ ತೆರೆದರು. ಆ ವೇಳೆಗೆ ಅವರ ನಿಯಮಗಳು ಸ್ಥಿರವಾಗಿದ್ದವು. ಸುಳ್ಳು ದಾವೆಯನ್ನು ತರಬಾರದು, ಸಾಕ್ಷಿಗಳಿಗೆ ಪಾಠ ಹೇಳಿಕೊಡುವರೆಂದು ನಿರೀಕ್ಷಿಸಬಾರದು ಎಂದು ಹೊಸ ಕಕ್ಷಿಗಾರನಿಗೆ ಮೊದಲೇ ತಿಳಿಸಿಬಿಡುತ್ತಿದ್ದರು. ಗೆದ್ದರೂ ಸೋತರೂ ಶುಲ್ಕ ಒಂದೇ. ತಮಗೆ ತಿಳಿಯದ ವಿಷಯವನ್ನು ತಿಳಿಯದೆಂದೇ ಹೇಳಿ, ಕಕ್ಷಿಗಾರನ ಒಪ್ಪಿಗೆ ಪಡೆದು ಹಿರಿಯ ವಕೀಲರನ್ನು ಕೇಳುತ್ತಿದ್ದರು. ಕೆಲವು ಕಕ್ಷಿಗಾರರು ನಿಷ್ಕಳಂಕವಾದ ದಾವೆಗಳನ್ನು ಇವರ ಬಳಿಗೂ, ಸಂಶಯಾಸ್ಪದವಾದವುಗಳನ್ನು ಬೇರೆಯವರ ಬಳಿಗೂ ಒಯ್ಯುತ್ತಿದ್ದರೆಂಬುದು ಸ್ವಾರಸ್ಯವಾದ ಸಂಗತಿ. ಒಮ್ಮೆ ಮೊಕದ್ದಮೆ ನಡೆಯುತ್ತಿರುವಾಗಲೇ ತಮ್ಮ ಕಕ್ಷಿಗಾರನು ತಮ್ಮನ್ನು ವಂಚಿಸಿರುವನೆಂದು ತಿಳಿಯಿತು. ಆ ಕ್ಷಣವೇ ದಾವೆಯನ್ನು ವಜಾ ಮಾಡುವಂತೆ ಮ್ಯಾಜಿಸ್ಟ್ರೇಟರನ್ನು ತಾವೇ ಕೇಳಿಕೊಂಡರು. ಎದುರು ಪಕ್ಷದ ವಕೀಲರು ಬೆರಗಾದರು.

ಇದಕ್ಕಿಂತ ಕಠಿಣವಾದ ಪರೀಕ್ಷೆಯೊಂದು ಲೆಕ್ಕದ ವ್ಯಾಜ್ಯವೊಂದರಲ್ಲಿ ಒದಗಿತು. ನ್ಯಾಯಾಲಯವು ನೇಮಿಸಿದ ಪಂಚರ ತೀರ್ಪು ಗಾಂಧಿಯವರ ಕಕ್ಷಿಗಾರನ ಪರವಾಗಿತ್ತು. ಆದರೆ ಖರ್ಚಿನ ಕಡೆ ಬರೆಯಬೇಕಾಗಿದ್ದ ಒಂದು ಮೊತ್ತವು ಕಣ್ತಪ್ಪಿನಿಂದ ಜಮೆಯ ಕಡೆ ಸೇರಿತ್ತು. ಎದುರು ಪಕ್ಷವು ಬೇರೆ ಕಾರಣಗಳಿಗಾಗಿ ತೀರ್ಪನ್ನು ಪ್ರಶ್ನಿಸಿತ್ತೇ ಹೊರತು ಈ ತಪ್ಪು ಅವರ ಗಮನಕ್ಕೆ ಬಂದಿರಲಿಲ್ಲ. ಕಕ್ಷಿಗಾರನಿಗೆ ಹಾನಿಯಾಗುವುದನ್ನು ವಕೀಲನು ತಾನಾಗಿ ಹೇಳಬೇಕಾಗಿಲ್ಲವೆಂದೂ, ಹೇಳಿದರೆ ಇಡೀ ತೀರ್ಪೇ ರದ್ದಾಗಬಹುದೆಂದೂ ಹಿರಿಯ ವಕೀಲರು ವಾದಿಸಿದರು. ತಪ್ಪನ್ನು ಒಪ್ಪಿಕೊಳ್ಳುವುದಾದರೆ ತಾವು ವಾದಿಸುವುದಿಲ್ಲವೆಂದರು. ಗಾಂಧಿಯವರು ಕಕ್ಷಿಗಾರನ ಮುಂದೆ ಎರಡು ದಾರಿಗಳನ್ನೂ ಇಟ್ಟರು. ಅವನು ಕೊಂಚ ಯೋಚಿಸಿ ಸತ್ಯದ ದಾರಿಯನ್ನೇ ಒಪ್ಪಿದನು. ನ್ಯಾಯಾಲಯದಲ್ಲಿ ಗಾಂಧಿಯವರು ನಡುಗುತ್ತಲೇ ಎದ್ದು ನಿಂತು ತಪ್ಪನ್ನು ನಿವೇದಿಸಿದರು. ಇದೇನೋ ಚಾತುರ್ಯವಿರಬಹುದೆಂದು ನ್ಯಾಯಾಧೀಶರು ಮೊದಲು ಶಂಕಿಸಿದರು. ಕೇಳುತ್ತ ಹೋದಂತೆ ಆ ಶಂಕೆ ಕರಗಿತು. ಕೊನೆಗೆ ತಪ್ಪನ್ನು ತಿದ್ದಿ ಉಳಿದ ತೀರ್ಪನ್ನು ಎತ್ತಿಹಿಡಿದರು. ಸತ್ಯ ನುಡಿದ ಫಲವಾಗಿ ಗೆದ್ದರೆಂಬುದು ಇಲ್ಲಿ ಮುಖ್ಯವಲ್ಲ. ಗೆಲ್ಲುವೆವೆಂಬ ಭರವಸೆಯಿಲ್ಲದೆಯೇ ನುಡಿದರೆಂಬುದು ಮುಖ್ಯ.

ನೇಟಾಲಿನ ಪಾರಸೀ ರುಸ್ತುಂಜಿಯವರ ಪ್ರಸಂಗವನ್ನು ವ್ಯಾಪಾರಸ್ಥ ಕುಟುಂಬಗಳು ಮರೆಯಬಾರದು. ಅವರು ಗಾಂಧಿಯವರ ಆಪ್ತಮಿತ್ರರೂ ಕಕ್ಷಿಗಾರರೂ ಆಗಿದ್ದರು. ಆದರೆ ಮುಂಬಯಿ ಕಲಕತ್ತೆಗಳಿಂದ ತರಿಸುತ್ತಿದ್ದ ಸರಕಿನ ಸುಂಕವನ್ನು ತಪ್ಪಿಸುವ ಒಂದು ದುರಭ್ಯಾಸವನ್ನು ಮಿತ್ರನಿಂದಲೂ ಮುಚ್ಚಿಟ್ಟಿದ್ದರು. ಕಳ್ಳತನ ಹೊರಬಿದ್ದು ಸೆರೆಮನೆ ಎದುರಾದಾಗ ಕಣ್ಣೀರಿಡುತ್ತ ಓಡಿಬಂದರು. ರಾಜ್ಯನಿಯಮವನ್ನು ಮೀರಿ ಸುಂಕ ತಪ್ಪಿಸುವುದನ್ನು ನಮ್ಮ ಆಚಾರ್ಯರು ವಿರುದ್ಧರಾಜ್ಯಾತಿಕ್ರಮವೆಂದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಗಾಂಧಿಯವರು ಅವರನ್ನು ಬಿಡಿಸುವ ಉಪಾಯ ಹುಡುಕುವ ಬದಲು, ಸುಂಕದ ಅಧಿಕಾರಿಗಳ ಬಳಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡು, ಅವರು ವಿಧಿಸಿದ ದಂಡವನ್ನು ತೆರಬೇಕೆಂದರು. ಒಂದು ವೇಳೆ ಸೆರೆಯಾದರೆ ಅದನ್ನು ಪ್ರಾಯಶ್ಚಿತ್ತವೆಂದು ತಿಳಿಯಬೇಕೆಂದೂ, ನಾಚಿಕೆಯು ಕೃತ್ಯದಲ್ಲಿದೆಯೇ ಹೊರತು ಶಿಕ್ಷೆಯಲ್ಲಿಲ್ಲವೆಂದೂ ತಿಳಿಹೇಳಿದರು. ರುಸ್ತುಂಜಿಯವರು ಧೈರ್ಯಮಾಡಿ ಒಪ್ಪಿದರು. ತಪ್ಪಿಸಿದ ಸುಂಕದ ಎರಡರಷ್ಟನ್ನು ಕಟ್ಟುವುದರೊಂದಿಗೆ ಪ್ರಕರಣವು ಮುಗಿಯಿತು. ಬಳಿಕ ಅವರು ನಡೆದುದೆಲ್ಲವನ್ನೂ ಬರೆಯಿಸಿ, ಚೌಕಟ್ಟು ಹಾಕಿಸಿ, ತಮ್ಮ ಮಕ್ಕಳಿಗೂ ಇತರ ವರ್ತಕರಿಗೂ ಎಚ್ಚರಿಕೆಯಾಗಿರಲೆಂದು ಕಚೇರಿಯ ಗೋಡೆಗೆ ತೂಗುಹಾಕಿದರು. ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತ ಎಂದು ನಾವು ಪಠಿಸುವುದರ ಸಾರವು ಆ ಗೋಡೆಯ ಮೇಲೆ ತೂಗುತ್ತಿತ್ತೆನ್ನಬಹುದು.

ಜೊಹಾನೆಸ್‌ಬರ್ಗಿನ ನಗರಸಭೆಯು ಭಾರತೀಯರ ವಸತಿಯ ನೆಲವನ್ನು ವಶಪಡಿಸಿಕೊಂಡಾಗ ಪರಿಹಾರದ ಸುಮಾರು 70 ದಾವೆಗಳನ್ನು ಅವರು ನಡೆಸಿದರು. ಸೋತದ್ದು ಒಂದು ಮಾತ್ರ. ತಮಗೆ ಬಂದ ಶುಲ್ಕದಲ್ಲಿ ಅರ್ಧವನ್ನು ಬಡವರ ಆಸ್ಪತ್ರೆಯಂಥ ಕಾರ್ಯಕ್ಕೆ ಮೀಸಲಿಡುವ ಉದ್ದೇಶವನ್ನು ಕಕ್ಷಿಗಾರರಿಗೆ ಮೊದಲೇ ತಿಳಿಸಿದ್ದರು. ಸಂಪಾದನೆ ಹೆಚ್ಚಿದಂತೆ ಪರಿಗ್ರಹದ ಭಾರವೂ ಅವರಿಗೆ ಅರಿವಾಗತೊಡಗಿತ್ತು. 1906ರಲ್ಲಿ ಅವರು ಬ್ರಹ್ಮಚರ್ಯ ವ್ರತವನ್ನು ಸ್ವೀಕರಿಸಿದರು. ಅದೇ ವರ್ಷದ ಸೆಪ್ಟೆಂಬರ್ 11ರಂದು ಜೊಹಾನೆಸ್‌ಬರ್ಗಿನ ಎಂಪೈರ್ ನಾಟಕಶಾಲೆಯಲ್ಲಿ ನೆರೆದ ಭಾರತೀಯರು, ಅಪಮಾನಕರವಾದ ನೋಂದಣಿ ಶಾಸನಕ್ಕೆ ಮಣಿಯುವುದಿಲ್ಲವೆಂದು ದೇವರ ಹೆಸರಿನಲ್ಲಿ ಪ್ರತಿಜ್ಞೆ ಮಾಡಿದರು. ಪ್ರತಿಜ್ಞೆಯೆಂದರೇನು, ಅದನ್ನು ಮುರಿದವನು ಏನನ್ನು ಕಳೆದುಕೊಳ್ಳುತ್ತಾನೆ ಎಂಬುದನ್ನು ಅಂದು ಗಾಂಧಿಯವರು ಸಭೆಗೆ ಬಿಡಿಸಿ ಹೇಳಿದರು. 1908ರ ಜನವರಿ 10ರಂದು, ವಕೀಲರಾಗಿ ಅನೇಕ ಸಲ ನಿಂತಿದ್ದ ನ್ಯಾಯಾಲಯದಲ್ಲಿಯೇ ಅಪರಾಧಿಯಾಗಿ ನಿಂತು, ಗರಿಷ್ಠ ಶಿಕ್ಷೆಯನ್ನು ತಾವೇ ಕೇಳಿದರು. ಎರಡು ತಿಂಗಳ ಸೆರೆವಾಸ ದೊರೆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅವರು ವಕೀಲಿಯನ್ನು ಪೂರ್ಣವಾಗಿ ತ್ಯಜಿಸಿದರು.

ವೃತ್ತಿಯನ್ನು ಬಿಟ್ಟರೂ ಅದರಲ್ಲಿ ಪಕ್ವವಾದ ದೃಷ್ಟಿಯನ್ನು ಬಿಡಲಿಲ್ಲ. 1918ರ ಮಾರ್ಚಿಯಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರು ತಮ್ಮ ಪ್ರತಿಜ್ಞೆಯಿಂದ ಜಾರುವಂತಾದಾಗ ಗಾಂಧಿಯವರು ಉಪವಾಸ ಕೈಗೊಂಡರು. ಮೂರು ದಿನಗಳಲ್ಲಿ ಉಭಯಪಕ್ಷಗಳೂ ವ್ಯಾಜ್ಯವನ್ನು ಪಂಚಾಯತಿಗೆ ಒಪ್ಪಿಸಲು ಸಮ್ಮತಿಸಿದವು. ಆನಂದಶಂಕರ ಧ್ರುವ ಅವರು ಪಂಚರಾದರು. ಪ್ರಿಟೋರಿಯದಲ್ಲಿ ಇಬ್ಬರು ಬಂಧುಗಳ ನಡುವೆ ಮಾತಿನಿಂದ ಸಾಧಿಸಿದುದನ್ನು ಇಲ್ಲಿ ಅನಶನದಿಂದ ಸಾಧಿಸಿದರು. ಗಿರಣಿಯ ಮಾಲಿಕರ ಮೇಲೆ ಆ ಉಪವಾಸದ ಒತ್ತಡ ಬಿದ್ದಿತೆಂದು ತಮ್ಮನ್ನು ತಾವೇ ಆಕ್ಷೇಪಿಸಿಕೊಂಡದ್ದೂ ಉಂಟು. ಉಪವಾಸವು ಪರರನ್ನು ಬಗ್ಗಿಸುವ ಸಾಧನವಾಗಬಾರದೆಂಬ ಈ ಸೂಕ್ಷ್ಮವನ್ನು ವ್ರತಿಕರು ಗಮನಿಸಬೇಕು. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ರಾಜದ್ರೋಹದ ವಿಚಾರಣೆ ನಡೆದಾಗ, ಉದ್ಯೋಗವನ್ನು ರೈತ ಮತ್ತು ನೇಕಾರ ಎಂದು ಬರೆಯಿಸಿ, ಆರೋಪವನ್ನು ಒಪ್ಪಿಕೊಂಡು, ಆರು ವರ್ಷಗಳ ಶಿಕ್ಷೆಯನ್ನು ಸ್ವೀಕರಿಸಿದರು. ಅದೇ ವರ್ಷ ಇನ್ನರ್ ಟೆಂಪಲ್ ತನ್ನ ಪಟ್ಟಿಯಿಂದ ಅವರ ಹೆಸರನ್ನು ತೆಗೆದುಹಾಕಿತು. 1948ರ ಜನವರಿ 30ರಂದು ಅವರು ಹಂತಕನ ಗುಂಡಿಗೆ ಬಲಿಯಾದರು. ನಲವತ್ತು ವರ್ಷಗಳು ಕಳೆದ ಮೇಲೆ, 1988ರಲ್ಲಿ, ಆ ಸಂಸ್ಥೆಯು ಹೆಸರನ್ನು ಮರಳಿ ಸೇರಿಸಿತು.

ಗಾಂಧೀಜಿಯವರು ಮುನಿಗಳಲ್ಲ, ಮಹಾವ್ರತಗಳ ಮಾರ್ಗ ಬೇರೆ. ಹೆಂಡತಿ ಮಕ್ಕಳು, ಬಾಡಿಗೆಯ ಕಚೇರಿ, ಗುಮಾಸ್ತರ ಸಂಬಳ ಇವೆಲ್ಲದರ ನಡುವೆ, ಒಮ್ಮೆ ಎಡವಿ ಮತ್ತೆ ಎದ್ದು, ಅವರು ತಮ್ಮ ಸತ್ಯವನ್ನು ಕಾಪಾಡಿಕೊಂಡರು. ಆದುದರಿಂದಲೇ ಅವರ ಉದಾಹರಣೆ ಗೃಹಸ್ಥರಿಗೆ ಹತ್ತಿರವಾದುದು. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನದಂದು ಉಪವಾಸವಿರುವ ಪ್ರತಿಯೊಬ್ಬ ಶ್ರಾವಕನೂ ಶ್ರಾವಿಕೆಯೂ ತಮ್ಮ ಮನೆಯ ಲೆಕ್ಕದ ಪುಸ್ತಕವನ್ನೂ, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾಯಾದಿ ವ್ಯಾಜ್ಯದ ಕಡತವನ್ನೂ ಒಮ್ಮೆ ತೆರೆದು ನೋಡಲಿ. ಜಮೆಯ ಕಡೆ ತಪ್ಪಾಗಿ ಸೇರಿದ ಮೊತ್ತವಿದ್ದರೆ ಅದನ್ನು ತಿದ್ದಲಿ. ರಾಜಿಯಾಗಬಲ್ಲ ಬಂಧುವಿದ್ದರೆ ಕ್ಷಮಾವಣಿಯ ದಿನಕ್ಕೆ ಕಾಯದೆ ಅವನ ಮನೆಗೆ ಹೋಗಲಿ. ಆ ದಿನದ ಉಪವಾಸವು ಆಗ ಸಾರ್ಥಕವಾದೀತು.